ನಾಗವಲ್ಲಿಯೂ ನಾಗಿಯೂ



ಹಳಗನ್ನಡದಲ್ಲಿ 'ಮರುಳ್' ಎಂಬ ಪದವೊಂದಿದೆ. ಪಿಶಾಚಿ ಎಂಬುದು ಅದರ ಒಂದು ಅರ್ಥ. ಹುಚ್ಚು, ಭ್ರಾಂತಿ ಎಂಬುದು ಇನ್ನೊಂದು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವಾಗ ಎದುರಾಗುವ ಮರುಳುಗಳು ರಣರಂಗದ ನೆತ್ತರಿನಲ್ಲಿ ತಣಿಯುವ ಭೂತಗಳು. 'ನಿನಗೇನು ಮರುಳೇ?' ಎಂದು ನಾವು ಇಂದು ಕೇಳುವಾಗ ಅದೇ ಪದ ಬುದ್ಧಿಯ ಭ್ರಮಣೆಯನ್ನು ಸೂಚಿಸುತ್ತದೆ. ದೆವ್ವಕ್ಕೂ ಭ್ರಾಂತಿಗೂ ಒಂದೇ ಹೆಸರನ್ನಿಟ್ಟ ನಮ್ಮ ಹಿರಿಯರು ಈ ಎರಡರ ನಂಟನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಈ ಮಾತಿನಿಂದ ಆರಂಭಿಸಲು ಕಾರಣವಿದೆ. ಹಳೆಯ ದೆವ್ವದ ಚಲನಚಿತ್ರಗಳಲ್ಲಿ ಅಭಿನಯಿಸಿದವರು ಮುಂದೆ ಏನಾದರು ಎಂಬ ಕುತೂಹಲ ನಮ್ಮ ಜನರಲ್ಲಿ ಬಹಳವಾಗಿದೆ. ಮದುವೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ಚಹದ ಅಂಗಡಿಯಲ್ಲಿ ಈ ಪ್ರಸ್ತಾಪ ಬಂದಾಗಲೆಲ್ಲ 'ಆ ಪಿಕ್ಚರಿನಾಗ ಇದ್ದವರು ಉಳೀಲಿಲ್ಲ ನೋಡ್ರಿ' ಎಂದು ಯಾರಾದರೂ ದನಿ ತಗ್ಗಿಸಿ ಹೇಳುತ್ತಾರೆ. ಈ ಮಾತು ಎಷ್ಟು ನಿಜ, ಇದರಿಂದ ಯಾರಿಗೆ ಏನು ನಷ್ಟ ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಹೊರನಾಡಿನ ಒಂದು ನಿದರ್ಶನ. ಹೆಣದಿಂದೆದ್ದು ಬಂದು ಬದುಕಿದವರ ನೆತ್ತರು ಹೀರುವ ಪಿಶಾಚಿಯನ್ನು ಪಶ್ಚಿಮದವರು ವ್ಯಾಂಪೈರ್ ಎನ್ನುತ್ತಾರೆ. ೧೮೭೦ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲನು ನಮ್ಮ ವಿಕ್ರಮ ಬೇತಾಳರ ಕಥೆಗಳನ್ನು ತನ್ನ ಭಾಷೆಗೆ ಒಯ್ದಾಗ ಬೇತಾಳನಿಗೂ ಇದೇ ಹೆಸರನ್ನು ಕೊಟ್ಟನು. ೧೮೯೭ರಲ್ಲಿ ಬ್ರಾಮ್ ಸ್ಟೋಕರ್ 'ಡ್ರಾಕುಲಾ' ಕಾದಂಬರಿಯನ್ನು ಬರೆದನು. ಅದನ್ನು ಆಧರಿಸಿ, ಆದರೆ ಅನುಮತಿಯನ್ನು ಪಡೆಯದೆ, ಜರ್ಮನಿಯಲ್ಲಿ ತಯಾರಾದ ಮೂಕಿ ಚಿತ್ರ 'ನೊಸ್ಫೆರಾಟು'. ಅದು ೧೯೨೨ರಲ್ಲಿ ತೆರೆಕಂಡಿತು. ಸ್ಟೋಕರನ ವಿಧವೆ ದಾವೆ ಹೂಡಿದರು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ೧೯೨೫ರಲ್ಲಿ ನ್ಯಾಯಾಲಯ ಆಜ್ಞಾಪಿಸಿತು. ಆದರೂ ಅಲ್ಲಲ್ಲಿ ಕೆಲವು ಪ್ರತಿಗಳು ಉಳಿದುಕೊಂಡವು.

ಆ ಚಿತ್ರದವರ ಗತಿ ಏನಾಯಿತು? ನಿರ್ದೇಶಕ ಮುರ್ನೌ ೧೯೩೧ರಲ್ಲಿ ಅಮೆರಿಕದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಂಡನು. ಆಗ ಅವನಿಗೆ ೪೨ ವರ್ಷ. ಪಿಶಾಚಿಯ ಪಾತ್ರ ವಹಿಸಿದ್ದ ಮ್ಯಾಕ್ಸ್ ಶ್ರೆಕ್ ೧೯೩೬ರಲ್ಲಿ ಕಾಲವಾದನು. ಕೊನೆಯವರೆಗೂ ಅವನು ರಂಗಭೂಮಿಯಲ್ಲಿ ದುಡಿಯುತ್ತಲೇ ಇದ್ದ ನಟ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಶಾಪದ ಕಥೆಯೊಂದು ಸಿದ್ಧವಾಗುತ್ತದೆ. ಆದರೆ ಇನ್ನೂ ಇಬ್ಬರ ವೃತ್ತಾಂತವನ್ನು ಕೇಳಬೇಕು. ಪಿಶಾಚಿಯ ಗುಟ್ಟನ್ನು ಅರಿತ ವಿದ್ವಾಂಸನ ಪಾತ್ರ ಮಾಡಿದವನು ಜಾನ್ ಗೊಟ್ಟೊವ್ಟ್. ಪಿಶಾಚಿಗೆ ಮನಸೋತು ಹುಚ್ಚನಾಗುವವನ ಪಾತ್ರ ಮಾಡಿದವನು ಅಲೆಕ್ಸಾಂಡರ್ ಗ್ರಾನಾಖ್. ಇಬ್ಬರೂ ಯೆಹೂದ್ಯರು. ೧೯೩೩ರಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ ಜರ್ಮನಿಯಲ್ಲಿ ಯೆಹೂದ್ಯ ನಟರಿಗೆ ನೆಲೆ ಇಲ್ಲದಂತಾಯಿತು. ಗ್ರಾನಾಖ್ ಸೋವಿಯತ್ ದೇಶಕ್ಕೆ ಓಡಿದನು. ಅಲ್ಲಿಯೂ ಸೆರೆಯನ್ನು ಕಂಡು, ಬಿಡುಗಡೆ ಹೊಂದಿ, ಅಮೆರಿಕವನ್ನು ಸೇರಿ, ೧೯೪೫ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಗೊಟ್ಟೊವ್ಟನು ಪೋಲೆಂಡಿನ ವೀಲಿಚ್ಕಾ ಎಂಬ ಊರಿನಲ್ಲಿ ೧೯೪೨ರಲ್ಲಿ ನಾಜಿಗಳ ಕೈಯಿಂದ ಹತನಾದನು. ಚಿತ್ರದ ನಾಯಕ ಗುಸ್ತಾವ್ ಫಾನ್ ವಾಂಗೆನ್‌ಹೈಮ್ ಮಾತ್ರ ೧೯೭೫ರವರೆಗೆ, ಎಂಬತ್ತು ವರ್ಷ, ಬಾಳಿದನು.

ಒಂದೇ ಚಿತ್ರದ ಐದು ಜನರ ಕಥೆ ಇದು. ಒಬ್ಬನನ್ನು ಅಪಘಾತ ಒಯ್ದಿತು, ಒಬ್ಬನನ್ನು ಅನಾರೋಗ್ಯ, ಒಬ್ಬನನ್ನು ಮನುಷ್ಯನ ದ್ವೇಷ. ತೆರೆಯ ಮೇಲಿನ ಪಿಶಾಚಿಯನ್ನು ಆರೋಪಿಯಾಗಿ ನಿಲ್ಲಿಸಿದರೆ ಗೊಟ್ಟೊವ್ಟನನ್ನು ಕೊಂದ ನಿಜವಾದ ಕೊಲೆಗಾರರು ತಪ್ಪಿಸಿಕೊಳ್ಳುತ್ತಾರೆ. ಶಾಪದ ಕಥೆ ಹೇಳುವವರು ಈ ಮಾತನ್ನು ಯೋಚಿಸುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ದೆವ್ವದ ಚಿತ್ರವೆಂದೊಡನೆ ನನ್ನ ಓರಗೆಯವರಿಗೆ ನೆನಪಾಗುವುದು ೧೯೭೯ರ 'ನಾ ನಿನ್ನ ಬಿಡಲಾರೆ'. ವಿಜಯ್ ಅವರ ನಿರ್ದೇಶನ, ರಾಜನ್-ನಾಗೇಂದ್ರರ ಸಂಗೀತ, ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯ. ಸತ್ತ ಹೆಣ್ಣೊಬ್ಬಳ ಪ್ರೇತ ನಾಯಕನನ್ನು ಹಿಡಿಯುತ್ತದೆ. ಆ ಚಿತ್ರವನ್ನು ನೋಡಿ ಬಂದ ಎಷ್ಟೋ ಜನ ರಾತ್ರಿ ಒಬ್ಬರೇ ಅಂಗಳಕ್ಕೆ ಹೋಗಲು ಅಂಜಿದ್ದುಂಟು. ಅನಂತನಾಗ್ ಅವರು ೧೯೮೧ರಲ್ಲಿ ಅದೇ ಕಥೆಯನ್ನು 'ಮಂಗಲಸೂತ್ರ' ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಮತ್ತೊಮ್ಮೆ ಅಭಿನಯಿಸಿದರು. ಎಂದರೆ ದೆವ್ವ ಅವರನ್ನು ಎರಡು ಸಲ ಹಿಡಿಯಿತು. ಆಮೇಲೆ ಏನಾಯಿತು? ದಶಕಗಳ ಕಾಲ ಅವರು ಕನ್ನಡದ ಶ್ರೇಷ್ಠ ನಟರಲ್ಲೊಬ್ಬರಾಗಿ ಬೆಳೆದರು. ೧೯೯೪ರಲ್ಲಿ ಮಲ್ಲೇಶ್ವರದಿಂದ ಶಾಸಕರಾದರು, ಮಂತ್ರಿಗಳೂ ಆದರು. ೨೦೨೫ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಘೋಷಣೆಯಾಯಿತು. ಇದನ್ನು ಯಾರೂ ದೆವ್ವದ ವರಪ್ರಸಾದವೆನ್ನಲಿಲ್ಲ. ಕೇಡಾದಾಗ ಮಾತ್ರ ದೆವ್ವವನ್ನು ನೆನೆಯುವುದು, ಒಳಿತಾದಾಗ ಅದನ್ನು ಮರೆಯುವುದು ಲೋಕದ ರೂಢಿ.

ಜನರ ಪಿಸುಮಾತೆಲ್ಲ ಸುತ್ತುವುದು ಇನ್ನೊಂದು ಚಿತ್ರವನ್ನು. ಅದು ೨೦೦೪ರ 'ಆಪ್ತಮಿತ್ರ'. ದ್ವಾರಕೀಶ್ ಅವರ ನಿರ್ಮಾಣ, ಪಿ. ವಾಸು ಅವರ ನಿರ್ದೇಶನ. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ಮುಖ್ಯ ಪಾತ್ರಧಾರಿಗಳು. ಫಾಜಿಲ್ ಅವರು ೧೯೯೩ರಲ್ಲಿ ನಿರ್ದೇಶಿಸಿದ ಮಲಯಾಳದ 'ಮಣಿಚಿತ್ರತಾಳ್' ಇದರ ಮೂಲ. ಹಳೆಯ ಅರಮನೆಯೊಂದಕ್ಕೆ ಬಂದ ಗಂಗಾ ಎಂಬ ಗೃಹಿಣಿ ಬೀಗ ಹಾಕಿದ ಕೋಣೆಯನ್ನು ತೆರೆಯುತ್ತಾಳೆ. ಹಿಂದೆ ಅಲ್ಲಿ ಕೊಲೆಯಾಗಿದ್ದ ನಾಗವಲ್ಲಿ ಎಂಬ ನರ್ತಕಿ ತಾನೇ ಎಂದು ಭಾವಿಸತೊಡಗುತ್ತಾಳೆ.

ಸೌಂದರ್ಯ ಈ ಚಿತ್ರ ಬಿಡುಗಡೆಯಾಗುವುದನ್ನು ನೋಡಲಿಲ್ಲ. ೨೦೦೪ರ ಏಪ್ರಿಲ್ ೧೭ರಂದು ಚುನಾವಣೆಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಚಿಕ್ಕ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಅವರೊಡನೆ ಅವರ ಸಹೋದರನೂ ಸೇರಿ ನಾಲ್ವರು ಮೃತರಾದರು. ಚಿತ್ರ ಆಗಸ್ಟ್ ೨೭ರಂದು ತೆರೆಕಂಡಿತು. ನಾಗವಲ್ಲಿಯಾಗಿ ಕುಣಿಯುವ ಸೌಂದರ್ಯರನ್ನು ಜನ ನೋಡಿದ್ದು ಅವರು ಇಲ್ಲವಾದ ನಾಲ್ಕು ತಿಂಗಳ ಮೇಲೆ. ಆ ದೃಶ್ಯದ ಮುಂದೆ ಕುಳಿತವರ ಮೈ ಜುಮ್ಮೆಂದದ್ದು ಸಹಜ. ಐದು ವರ್ಷಗಳ ಬಳಿಕ ಅದರ ಮುಂದುವರಿಕೆಯಾದ 'ಆಪ್ತರಕ್ಷಕ' ಸಿದ್ಧವಾಯಿತು. ಅದು ಬಿಡುಗಡೆಯಾಗುವ ಮುನ್ನವೇ, ೨೦೦೯ರ ಡಿಸೆಂಬರ್ ೩೦ರಂದು, ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ೫೯ ವರ್ಷ. ೨೦೧೦ರ ಫೆಬ್ರವರಿಯಲ್ಲಿ ಆ ಚಿತ್ರವೂ ತನ್ನ ನಾಯಕನಿಲ್ಲದೆಯೇ ತೆರೆಕಂಡಿತು. ಇನ್ನೇನು ಬೇಕು? ನಾಗವಲ್ಲಿ ಇಬ್ಬರನ್ನು ಒಯ್ದಳೆಂದು ಜನ ಆಡಿಕೊಂಡರು. ನಿರ್ಮಾಪಕ ದ್ವಾರಕೀಶ್ ನಿಧನರಾದದ್ದು ೨೦೨೪ರ ಏಪ್ರಿಲ್ ೧೬ರಂದು. ಮರುದಿನಕ್ಕೆ ಸೌಂದರ್ಯ ತೀರಿ ಇಪ್ಪತ್ತು ವರ್ಷ. ಲೆಕ್ಕ ಹಾಕುವವರಿಗೆ ಇದೂ ಒಂದು ಪುರಾವೆಯಾದೀತು.

ಲೆಕ್ಕವನ್ನೇ ಹಾಕುವುದಾದರೆ ಪೂರ್ತಿಯಾಗಿ ಹಾಕೋಣ. ದ್ವಾರಕೀಶ್ ತೀರಿಕೊಂಡಾಗ ಅವರಿಗೆ ೮೧ ವರ್ಷ. ಸಾಲ ಸೋಲಗಳಲ್ಲಿ ಬಳಲಿದ್ದ ಅವರನ್ನು ಎತ್ತಿ ನಿಲ್ಲಿಸಿದ್ದೇ 'ಆಪ್ತಮಿತ್ರ'. ಅದಾದ ಮೇಲೆ ಅವರು ಇಪ್ಪತ್ತು ವರ್ಷ ಬದುಕಿದರು. ನಿರ್ದೇಶಕ ವಾಸು ಇದೇ ಕಥೆಯನ್ನು ೨೦೦೫ರಲ್ಲಿ 'ಚಂದ್ರಮುಖಿ' ಎಂದು ತಮಿಳಿನಲ್ಲಿ ಮಾಡಿದರು. ಸಾಲದೆಂದು ೨೦೨೩ರಲ್ಲಿ ಅದರ ಎರಡನೆಯ ಭಾಗವನ್ನೂ ಮಾಡಿದರು. ರಮೇಶ್ ಅರವಿಂದ್ ನಟರಾಗಿ, ನಿರ್ದೇಶಕರಾಗಿ, ದೂರದರ್ಶಕದ ಮಾತುಗಾರರಾಗಿ ಮನೆಮಾತಾದರು. ಮಂತ್ರವಾದಿಯ ಪಾತ್ರ ಮಾಡಿದ ಅವಿನಾಶ್ ಎಡೆಬಿಡದೆ ಅಭಿನಯಿಸುತ್ತ ಬಂದರು. 'ಚಂದ್ರಮುಖಿ'ಯಲ್ಲಿ ನರ್ತಕಿಯಾದ ಜ್ಯೋತಿಕಾ, ೨೦೦೭ರ ಹಿಂದಿಯ 'ಭೂಲ್ ಭುಲೈಯಾ'ದಲ್ಲಿ ಅದೇ ಪಾತ್ರ ಮಾಡಿದ ವಿದ್ಯಾ ಬಾಲನ್ ತಮ್ಮ ತಮ್ಮ ಕೀರ್ತಿಯನ್ನು ಹೆಚ್ಚಿಸಿಕೊಂಡರು. ಎಲ್ಲರಿಗಿಂತ ಮೊದಲು, ೧೯೯೩ರಲ್ಲಿ, ನಾಗವಲ್ಲಿಯನ್ನು ತೆರೆಗೆ ತಂದ ಶೋಭನಾ ಅವರಿಗೆ ಆ ಪಾತ್ರ ರಾಷ್ಟ್ರಪ್ರಶಸ್ತಿಯನ್ನು ತಂದಿತು. ೨೦೨೫ರಲ್ಲಿ ಅನಂತನಾಗ್ ಅವರ ಹೆಸರಿದ್ದ ಪದ್ಮಭೂಷಣದ ಪಟ್ಟಿಯಲ್ಲೇ ಶೋಭನಾ ಅವರ ಹೆಸರೂ ಇತ್ತು. ಆ ಮಲಯಾಳ ಚಿತ್ರದ ತಿಲಕನ್, ನೆಡುಮುಡಿ ವೇಣು, ಕೆ.ಪಿ.ಎ.ಸಿ. ಲಲಿತಾ, ಇನ್ನೊಸೆಂಟ್ ಮೊದಲಾದ ಹಿರಿಯರು ಕಾಲಕ್ರಮದಲ್ಲಿ ಅಗಲಿದರು. ಅವರ ಮರಣಗಳನ್ನು ಯಾರೂ ನಾಗವಲ್ಲಿಯ ಖಾತೆಗೆ ಬರೆಯಲಿಲ್ಲ. ಒಂದೇ ಕಥೆ, ನಾಲ್ಕು ಭಾಷೆ, ಹತ್ತಾರು ಕಲಾವಿದರು. ಅವರಲ್ಲಿ ಎರಡು ಅಕಾಲ ಮರಣಗಳನ್ನು ಆರಿಸಿ ಉಳಿದವರನ್ನೆಲ್ಲ ಕೈಬಿಟ್ಟರೆ ಮಾತ್ರ ಶಾಪದ ಲೆಕ್ಕ ಸರಿಹೋಗುತ್ತದೆ.

ಜನರನ್ನು ಹಳಿಯಲೆಂದು ನಾನು ಇದನ್ನು ಹೇಳುತ್ತಿಲ್ಲ. ಅಕಾಲದ ಸಾವು ಕಾರಣವನ್ನು ಬೇಡುತ್ತದೆ. ನಗುನಗುತ್ತಿದ್ದ ಹೆಣ್ಣುಮಗಳೊಬ್ಬಳು ಹೋದಳು ಎಂದರೆ ಮನಸ್ಸು ಒಪ್ಪುವುದಿಲ್ಲ. ಯಂತ್ರ ಕೆಟ್ಟಿತು ಎಂಬಷ್ಟು ಸಣ್ಣ ಕಾರಣ ಅಷ್ಟು ದೊಡ್ಡ ದುಃಖಕ್ಕೆ ಸಾಲದೆನ್ನಿಸುತ್ತದೆ. ಆಗ ಮನಸ್ಸು ದುಃಖಕ್ಕೆ ಸಮನಾದ ಕಾರಣವನ್ನು ಕಲ್ಪಿಸಿಕೊಳ್ಳುತ್ತದೆ. ಅಭಿಮಾನವೇ ಇಲ್ಲಿ ಭಯದ ವೇಷ ತೊಟ್ಟಿದೆ. ಇದನ್ನು ನಾನು ಬಲ್ಲೆ. ಆದರೂ ಈ ಕಥೆಯಿಂದ ಎರಡು ಅನ್ಯಾಯಗಳು ನಡೆಯುತ್ತಿವೆ. ಅವುಗಳನ್ನು ಹೇಳದೆ ಇರಲಾರೆ.

ಮೊದಲನೆಯದು ಸತ್ತವರಿಗೆ ಆಗುವ ಅನ್ಯಾಯ. ೧೯೩೧ರ 'ಡ್ರಾಕುಲಾ' ಚಿತ್ರದ ನಾಯಕ ಬೆಲಾ ಲುಗೋಸಿ ೧೯೫೬ರಲ್ಲಿ ಸತ್ತಾಗ ಅವನನ್ನು ಡ್ರಾಕುಲಾನ ನಿಲುವಂಗಿಯಲ್ಲೇ ಹುಗಿದರು. ಹಂಗೇರಿಯ ರಂಗಭೂಮಿಯಲ್ಲಿ ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರ ವಹಿಸಿದ್ದ ನಟ ಅವನು. ಅದೆಲ್ಲ ಮರೆತುಹೋಗಿ ಆ ಒಂದು ನಿಲುವಂಗಿ ಮಾತ್ರ ಉಳಿಯಿತು. ನಟನ ನೆತ್ತರು ಹೀರುವ ಪಿಶಾಚಿ ಎಂಬುದೊಂದಿದ್ದರೆ ಅದು ಇಂಥ ಪಾತ್ರವೇ. ನಮ್ಮ ಸೌಂದರ್ಯರಿಗೂ ನಾವು ಅಂಥದೇ ನಿಲುವಂಗಿಯನ್ನು ಹೊದಿಸಿದ್ದೇವೆ.

ಮುಳಬಾಗಿಲಿನ ಕಡೆಯಿಂದ ಬಂದು, ವೈದ್ಯಕೀಯದ ಓದನ್ನು ಬಿಟ್ಟು, ೧೯೯೨ರಲ್ಲಿ ಕನ್ನಡದಲ್ಲಿ ಅಭಿನಯವನ್ನು ಆರಂಭಿಸಿ, ತೆಲುಗಿನಲ್ಲಿ ಅಗ್ರಶ್ರೇಣಿಯ ತಾರೆಯಾದವರು ಅವರು. ಹಾಗೆ ಗಳಿಸಿದ ಹಣವನ್ನು ಯಾವುದಕ್ಕೆ ತೊಡಗಿಸಿದರೆಂಬುದನ್ನು ನೋಡಬೇಕು. ನಾ. ಡಿಸೋಜ ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಸ್ವತಃ ನಿರ್ಮಿಸಿದರು. ೨೦೦೧ನೆಯ ಸಾಲಿನಲ್ಲಿ ಅದು ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಪಡೆಯಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ನಡುಗಡ್ಡೆಯಲ್ಲಿ ಮನೆಯನ್ನು ಬಿಡಲೊಲ್ಲದ ಒಂದು ಕುಟುಂಬ. ಅದರ ಸೊಸೆ ನಾಗಿ. ಆ ಪಾತ್ರವನ್ನು ಮಾಡಿದವರೂ ಸೌಂದರ್ಯರೇ. ಗಂಡ ಗಣಪನ ಪಾತ್ರದಲ್ಲಿ, ಮುಂದೆ 'ಆಪ್ತಮಿತ್ರ'ದ ಮಂತ್ರವಾದಿಯಾದ ಅದೇ ಅವಿನಾಶ್. ಸುರಿಯುವ ಮಳೆಯ ರಾತ್ರಿಯಲ್ಲಿ ನಾಗಿ ಒಬ್ಬಳೇ ಹೋರಾಡಿ ಮನೆಯನ್ನು ಉಳಿಸಿಕೊಳ್ಳುತ್ತಾಳೆ. ಬೆಳಗಾದ ಮೇಲೆ ಗಂಡನಾದವನು ಅದೆಲ್ಲ ದೈವದ ಕೃಪೆ ಎನ್ನುತ್ತಾನೆ. ಅವಳ ಶ್ರಮ ಅವನ ಕಣ್ಣಿಗೆ ಬೀಳುವುದಿಲ್ಲ.

ಕೇಳುಗರೆ, ಆ ಚಿತ್ರದ ಗಂಡನು ಮಾಡಿದ್ದನ್ನೇ ನಾವೂ ಮಾಡುತ್ತಿಲ್ಲವೇ? ನಾಗಿಯ ದುಡಿಮೆಯನ್ನು ಅವನು ದೈವದ ಲೆಕ್ಕಕ್ಕೆ ಹಾಕಿದ. ಸೌಂದರ್ಯರ ಬಾಳನ್ನು ನಾವು ದೆವ್ವದ ಲೆಕ್ಕಕ್ಕೆ ಹಾಕಿದ್ದೇವೆ. ನಾಗವಲ್ಲಿಯನ್ನು ಬಲ್ಲವರು ಮನೆಮನೆಯಲ್ಲಿದ್ದಾರೆ. ನಾಗಿಯನ್ನು ನೆನೆಯುವವರು ಎಷ್ಟು ಮಂದಿ? ವಿಷ್ಣುವರ್ಧನರ ಮಾತೂ ಹೀಗೆಯೇ. 'ನಾಗರಹಾವು' ಚಿತ್ರದ ರಾಮಾಚಾರಿಯಿಂದ ಮೊದಲುಗೊಂಡು ಇನ್ನೂರರಷ್ಟು ಪಾತ್ರಗಳಲ್ಲಿ ಬಾಳಿದವರು ಅವರು. ೨೦೨೫ರಲ್ಲಿ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಣೆಯಾಯಿತು. ಅಂಥವರ ಕೊನೆಯನ್ನು ಒಂದು ಪಟದ ಶಾಪಕ್ಕೆ ಗಂಟುಹಾಕುವುದು ಅಭಿಮಾನವೆನಿಸದು.

ಎರಡನೆಯದು ಬದುಕಿರುವವರಿಗೆ ಆಗುವ ಅನ್ಯಾಯ. ಇದು ಇನ್ನೂ ಗುರುತರವಾದದ್ದು. 'ಆಪ್ತಮಿತ್ರ'ದಲ್ಲಿ ದೆವ್ವವೇ ಇಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಗಂಗಾಳಿಗೆ ಇರುವುದು ಮನಸ್ಸಿನ ಕಾಯಿಲೆ. ಅದನ್ನು ಗುರುತಿಸುವವನು ಮನೋವೈದ್ಯ. ಮಂತ್ರವಾದಿಯಾದ ಆಚಾರ್ಯರು ವೈದ್ಯನೊಡನೆ ಜಗಳವಾಡುವುದಿಲ್ಲ, ಅವನಿಗೆ ನೆರವಾಗುತ್ತಾರೆ. ಆಕೆ ಗುಣಮುಖಳಾಗಿ ಗಂಡನ ಮನೆಯಲ್ಲಿ ಉಳಿಯುತ್ತಾಳೆ. ದೆವ್ವವಲ್ಲ, ಕಾಯಿಲೆ ಎಂದು ಸಾರಲು ತೆಗೆದ ಚಿತ್ರದಿಂದಲೇ ನಾವು ಒಂದು ಹೊಸ ದೆವ್ವವನ್ನು ಹುಟ್ಟಿಸಿದೆವು.

ನಾನು ಕಲಬುರಗಿಗೆ ಹೊಂದಿಕೊಂಡಿರುವ ಕೋಟನೂರಿನಲ್ಲಿ ನೆಲೆಸಿದವನು. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಒಂದು ಮನೆಯಲ್ಲಿ ಹೆರಿಗೆಯಾದ ಸೊಸೆಗೆ ನಿದ್ದೆ ದೂರವಾಯಿತು. ಕೂಸನ್ನು ಕಂಡರೆ ಅಂಜುವಳು, ಒಬ್ಬಳೇ ಮಾತನಾಡಿಕೊಳ್ಳುವಳು, ಒಮ್ಮೊಮ್ಮೆ ಕೂದಲು ಬಿಚ್ಚಿಕೊಂಡು ಬಾಗಿಲಲ್ಲಿ ಬಂದು ನಿಲ್ಲುವಳು. ವಾರ ಕಳೆಯುವುದರೊಳಗೆ ಓಣಿಯ ಹುಡುಗರು ಅವಳಿಗೆ 'ನಾಗವಲ್ಲಿ' ಎಂದು ಹೆಸರಿಟ್ಟರು. ಮನೆಯ ಮುಂದೆ ಹಾದುಹೋಗುವಾಗ ಆ ಚಿತ್ರದ ಹಾಡಿನ ಸೊಲ್ಲನ್ನು ಕೂಗಿ ಓಡುತ್ತಿದ್ದರು. 'ಆಕಿಗಿ ಗಾಳಿ ಹತ್ಯಾದ್ರಿ ಸರ್, ಅಮಾಸಿಗಿ ಗಾಣಗಾಪುರಕ್ಕ ಒಯ್ತೀವಿ' ಎಂದು ಅತ್ತೆ ನನ್ನ ಮುಂದೆ ಕಣ್ಣೀರು ತೆಗೆದಳು. ನಮ್ಮ ಜಿಲ್ಲೆಯ ಗಾಣಗಾಪುರದ ದತ್ತನ ಸನ್ನಿಧಿಗೆ ಇಂಥ ಬಾಧೆಯುಳ್ಳವರನ್ನು ಕರೆತರುವುದು ಬಹುಕಾಲದ ನಡೆವಳಿಕೆ. ಆ ತಾಯಿಯ ನಂಬಿಕೆಯನ್ನು ನಾನು ಅಲ್ಲಗಳೆಯಲಿಲ್ಲ. 'ಒಯ್ಯವ್ವಾ, ದೇವರಿಗೆ ಕೈ ಮುಗಿದು ಬಾ. ಆದರ ಅಮಾಸಿ ಬರೂತನಾ ಕಾಯಬ್ಯಾಡ. ನಾಳೆ ಮುಂಜಾನೆ ಡಾಕ್ಟರ್ ಕಡಿ ಹೋಗೋಣು, ನಾನೂ ಬರ್ತೀನಿ' ಎಂದೆ. ಮಗನೂ ಒಪ್ಪಿದನು. ಬಾಣಂತಿಯರಲ್ಲಿ ಕೆಲವರಿಗೆ ಇಂಥ ಮನೋವಿಕಾರ ಉಂಟಾಗುವುದುಂಟು, ಇದಕ್ಕೆ ಔಷಧವಿದೆ, ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ ಎಂದು ವೈದ್ಯರು ವಿವರಿಸಿದರು. ಕೆಲವು ತಿಂಗಳುಗಳಲ್ಲಿ ಆಕೆ ಮೊದಲಿನಂತಾದಳು. ಕಾಯಿಲೆ ಹೋಯಿತು, ಆದರೆ ಹೆಸರು ಹೋಗಲಿಲ್ಲ. ಕೂಸು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗಲೂ ಓಣಿಯಲ್ಲಿ ಯಾರೋ ಅದನ್ನು 'ನಾಗವಲ್ಲಿಯ ಮಗ' ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇಂಥವರಿಗೆ ನೆರವು ದೂರದಲ್ಲೇನೂ ಇಲ್ಲ. ನಮ್ಮದೇ ಸೀಮೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ೧೯೮೦ರ ದಶಕದಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಮಾನಸಿಕ ರೋಗಿಗಳಿಗೆ ಊರ ಸಮೀಪದಲ್ಲೇ ಚಿಕಿತ್ಸೆ ದೊರಕಿಸಬಹುದೆಂದು ಅದು ತೋರಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ ೧೯೯೬ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಮಾನಸಿಕ ಆರೋಗ್ಯದ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ೨೦೧೭ರ ಕಾಯಿದೆ ಹೇಳುತ್ತದೆ. ನಮ್ಮ ನೆಲ ದೇಶಕ್ಕೆ ದಾರಿ ತೋರಿಸಿದ ವಿಷಯವಿದು. ಅದೇ ನೆಲದಲ್ಲಿ ನಾವು ಕಾಯಿಲೆಯ ಹೆಣ್ಣುಮಗಳಿಗೆ ಪಿಶಾಚಿಯ ಹೆಸರಿಟ್ಟು ನಗುವುದು ಸಲ್ಲದು.

ಹಾಗಾದರೆ ಹಳೆಯ ದೆವ್ವದ ಚಿತ್ರದವರು ಏನಾದರು ಎಂಬ ಪ್ರಶ್ನೆಗೆ ಉತ್ತರವೇನು? ಎಲ್ಲ ಮನುಷ್ಯರೂ ಆಗುವಂತೆ ಆದರು. ಕೆಲವರು ತುಂಬು ಬಾಳನ್ನು ಬಾಳಿದರು, ಕೆಲವರು ಅಕಾಲದಲ್ಲಿ ಅಗಲಿದರು, ಕೆಲವರು ನಮ್ಮ ನಡುವೆ ದುಡಿಯುತ್ತಲೇ ಇದ್ದಾರೆ. ಅಗಲಿದವರು ತಮ್ಮ ಕೆಲಸವನ್ನು ನಮಗೆ ಬಿಟ್ಟುಹೋಗಿದ್ದಾರೆ. ದೆವ್ವದ ಚಿತ್ರವನ್ನು ನೋಡಬೇಡಿರೆಂದು ನಾನು ಹೇಳುವುದಿಲ್ಲ. ಎರಡು ಗಂಟೆಯ ಕಾಲ ಅಂಜಿ ಮನೆಗೆ ಬರುವುದರಲ್ಲಿಯೂ ಒಂದು ಸುಖವಿದೆ. ಬೇತಾಳನ ಕಥೆಗಳನ್ನು ಸಾವಿರ ವರ್ಷಗಳಿಂದ ನಾವು ಕೇಳುತ್ತ ಬಂದಿದ್ದೇವೆ.

ಆ ಕಥೆಗಳ ಒಂದು ನಿಯಮವನ್ನು ತಾವೆಲ್ಲ ಬಲ್ಲಿರಿ. ವಿಕ್ರಮನ ಹೆಗಲ ಮೇಲಿನ ಬೇತಾಳ ಅವನ ನೆತ್ತರನ್ನು ಕೇಳುವುದಿಲ್ಲ, ಪ್ರಶ್ನೆಯನ್ನು ಕೇಳುತ್ತದೆ. ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತದೆಂದು ಎಚ್ಚರಿಸುತ್ತದೆ. ಮುಂದಿನ ಸಲ ಚಹದ ಅಂಗಡಿಯಲ್ಲಿ ಯಾರಾದರೂ ದನಿ ತಗ್ಗಿಸಿ ನಾಗವಲ್ಲಿಯ ಶಾಪದ ಕಥೆ ತೆಗೆದರೆ, ಅಥವಾ ಓಣಿಯ ಹುಡುಗರು ಯಾವ ಮನೆಯ ಮುಂದಾದರೂ ಆ ಹಾಡಿನ ಸೊಲ್ಲನ್ನು ಕೂಗಿದರೆ, ಉತ್ತರ ಬಲ್ಲವರು ಸುಮ್ಮನಿರಬಾರದು. ವಿಮಾನ ಬಿದ್ದು ತೀರಿಹೋದ ಆ ಕಲಾವಿದೆ 'ದ್ವೀಪ' ಎಂಬ ಚಿತ್ರವನ್ನು ಮಾಡಿದ್ದಳು, ಅದರಲ್ಲಿ ನಾಗಿ ಎಂಬವಳಿದ್ದಾಳೆ, ಅವಳನ್ನು ಒಮ್ಮೆ ನೋಡಿ ಬನ್ನಿರಿ ಎಂದು ಹೇಳಬೇಕು. ಅಷ್ಟು ಮಾಡಿದರೆ ಸಾಕು.